ಅವನ ಕಿವಿಗೆ ಬೀಳದ ಮಾತು

"ಕೈ ತಣ್ಣಗಿದೆ, ಬೈಬೇಡಿ," ಎಂದ ಅವನು.

ಮಾರ್ಲಾ ಬೈಯಲಿಲ್ಲ. ಆದರೆ ಉಸಿರು ಬಿಗಿಹಿಡಿದು ನಿಂತಳು. ಗುರುತು ಪರಿಚಯವಿಲ್ಲದ ಗಂಡಸೊಬ್ಬ ಬೆಳ್ಳಂಬೆಳಗ್ಗೆ ಅವಳ ಕಾಲರಿನೊಳಗೆ ಕಡಲೆಕಾಳಿನಷ್ಟು ಚಿಕ್ಕ ಮೈಕನ್ನು ಅಂಟಿಸುತ್ತಿದ್ದ. ಅವನ ಹೆಬ್ಬೆರಳು ಕುತ್ತಿಗೆಯ ಬುಡಕ್ಕೆ ತಾಗಿತು. ಅವಳು ಎದುರಿನ ಗೋಡೆಯನ್ನೇ ದಿಟ್ಟಿಸಿದಳು.

"ನಾನು ಓರಿನ್. ಸೌಂಡು ನನ್ನದು. ಮೈಕಿನ ಪೆಟ್ಟಿಗೆ ನಿಮ್ಮ ಸೊಂಟದ ಹಿಂದೆ ಇದೆ, ಸಂಜೆವರೆಗೂ ಅಲ್ಲೇ ಇರುತ್ತೆ. ಆರಿಸೋಕೆ ಮರೆತ್ರೆ ಗಾಬರಿ ಬೇಡ. ನೀವು ಸೆಟ್ಟಿಂದ ಆಚೆ ಹೆಜ್ಜೆ ಇಟ್ಟ ಕೂಡಲೇ ನಾನು ನನ್ನ ಸೌಂಡ್ ಬೋರ್ಡಲ್ಲಿ ನಿಮ್ಮ ದನಿ ಪೂರ್ತಿ ಇಳಿಸಿಬಿಡ್ತೀನಿ, ನಂಗೇನೂ ಕೇಳಿಸಲ್ಲ."

"ಇಳಿಸದೇ ಇದ್ರೆ?"

"ಇಳಿಸ್ತೀನಿ. ನಂಬಿ."

ಈ ಕಥೆ ಹೇಳುತ್ತಿರುವ ನಾನು ಈ ಹಾಲಿವುಡ್ಡಿನಲ್ಲೇ ಕೂದಲು ನರೆಸಿಕೊಂಡವಳು. ಇಲ್ಲಿ ಯಾರಾದರೂ 'ನಂಬಿ' ಎಂದರೆ ಮೊದಲು ಕೈಚೀಲ ಮುಟ್ಟಿ ನೋಡಿಕೊಳ್ಳುವುದು ನಮ್ಮ ಅಭ್ಯಾಸ. ಮಾರ್ಲಾ ಕಿವಿಸ್ಟೊಗೂ ಅಷ್ಟರಲ್ಲಿ ಆ ಅಭ್ಯಾಸ ಅಂಟಿತ್ತು.

ಅದು 'ಹಿಂದಿನ ಸೀಟು' ಎಂಬ ಟಿವಿ ಹಾಸ್ಯ ಧಾರಾವಾಹಿಯ ಚಿತ್ರೀಕರಣದ ಮೊದಲ ದಿನ. ಒಬ್ಬ ಹುಡುಗ ದಿಢೀರನೆ ಸಿನಿಮಾ ಸ್ಟಾರ್ ಆಗುತ್ತಾನೆ, ಅವನ ಬಾಲ್ಯದ ಗೆಳೆಯರು ಅವನ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಅವನ ಖ್ಯಾತಿಯನ್ನು ಹಂಚಿಕೊಂಡು ತಿನ್ನುತ್ತಾರೆ, ಇಷ್ಟೇ ಕಥೆ. ಅದರಲ್ಲಿ ಮಾರ್ಲಾ, ಸ್ಟಾರಿನ ಮುಖಕ್ಕೇ ಸತ್ಯ ಹೇಳುವ ಗೆಳತಿ ಡಾಟ್. ಪ್ರಸಾರ ಶುರುವಾದ ಮೇಲೆ ಜನ ಅವಳಿಗಾಗಿಯೇ ಟಿವಿ ಹಾಕತೊಡಗಿದರು.

ನಿಜ ಜೀವನದಲ್ಲೂ ಅವಳಿಗೊಬ್ಬ ಗೆಳತಿ ಇದ್ದಳು. ಬೆಟ್ಟಿನಾ. ಇಬ್ಬರೂ ಡುಲೂತ್ ಎಂಬ ಚಳಿಯೂರಿನಿಂದ ಒಂದೇ ಹಳೆಯ ಕಾರಿನಲ್ಲಿ ಬಂದವರು. ಇದ್ದ ಒಂದೇ ಹಾಸಿಗೆಯನ್ನು ಮಾರ್ಲಾಗೆ ಕೊಟ್ಟು ತಾನು ನೆಲದ ಮೇಲೆ ಮಲಗಿದವಳು ಬೆಟ್ಟಿನಾ. ಈಗ ಅವಳೇ ಮಾರ್ಲಾಳ ಮ್ಯಾನೇಜರ್.

ಇನ್ನು ಓರಿನ್... ಅವನು ಸೆಟ್ಟಿನ ಮೂಲೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂರುತ್ತಿದ್ದ. ಮಾತು ಕಡಿಮೆ. ಒಂದು ದಿನ ಗಂಭೀರ ದೃಶ್ಯದ ಮಧ್ಯೆ ಅವನು ಕೈಯೆತ್ತಿ ಚಿತ್ರೀಕರಣ ನಿಲ್ಲಿಸಿದ.

"ಏನಾಯ್ತು? ವಿಮಾನ ಹೋಯ್ತಾ?" ನಿರ್ದೇಶಕ ಕೇಳಿದ.

"ಇಲ್ಲ ಸರ್. ಡಾಟ್ ಮೇಡಂ ಹೊಟ್ಟೆ ಗುರ್ ಅಂತು."

ಇಡೀ ಸೆಟ್ಟು ಬಿದ್ದು ಬಿದ್ದು ನಕ್ಕಿತು. ಮಾರ್ಲಾಗೆ ನೆಲ ಬಾಯ್ಬಿಡಬಾರದೇ ಎನಿಸಿತು. ಆದರೆ ಮರುದಿನದಿಂದ ಅವಳ ಕುರ್ಚಿಯ ಮೇಲೆ ಒಂದು ಪೊಟ್ಟಣ ಇರುತ್ತಿತ್ತು, ಚೀಸು ಮತ್ತು ಉಪ್ಪು ಬಿಸ್ಕತ್ತು.

"ಇದು ನಿಮ್ಮ ಕೆಲಸಾನಾ?" ಎಂದು ಕೇಳಿದಳು.

"ನನ್ನ ಸೌಂಡಿಗೋಸ್ಕರ," ಎಂದ ಓರಿನ್. ನಗಲೂ ಇಲ್ಲ.

ಅಯ್ಯೋ, ಅಲ್ಲಿಗೆ ಮುಗಿಯಿತು ಅವಳ ಕಥೆ! ದಿನಾ ಬೆಳಿಗ್ಗೆ ಅವನು ಮೈಕು ಅಂಟಿಸುವಾಗ ಅವಳ ಎದೆ ಡವಡವ ಎನ್ನುತ್ತಿತ್ತು. ಇವನ ಮೈಕಿಗೆ ಇದೂ ಕೇಳಿಸಿದರೆ? ಆ ಭಯಕ್ಕೆ ಅವಳು ಇನ್ನಷ್ಟು ಸೆಟೆದು ನಿಂತು, ಇನ್ನಷ್ಟು ಗಟ್ಟಿಯಾಗಿ ಗೋಡೆ ನೋಡುತ್ತಿದ್ದಳು. ಇವಳಿಗೆ ನನ್ನ ಕಂಡರಾಗದು ಎಂದು ಓರಿನ್ ತೀರ್ಮಾನಿಸಿಬಿಟ್ಟ.

ಅಷ್ಟರಲ್ಲಿ ಗಾಳಿಸುದ್ದಿಯ ಪತ್ರಿಕೆಯೊಂದರಲ್ಲಿ ಬಂತು, 'ಡಾಟ್ ಧಾರಾವಾಹಿ ಬಿಡುತ್ತಾಳಾ? ದೊಡ್ಡ ಸಿನಿಮಾದವರ ಜೊತೆ ಗುಟ್ಟಿನ ಮಾತುಕತೆ.'

ನಿರ್ಮಾಪಕ ಹಾಲ್ಡರ್ ಅವಳನ್ನು ಕರೆದು ಉಗಿದ. ಮಾತುಕತೆ ನಿಜವೇ. ಆದರೆ ಅದನ್ನು ಅವಳು ಆಡಿದ್ದು ಮೇಕಪ್ ರೂಮಿನಲ್ಲಿ, ಬೆಟ್ಟಿನಾಳ ಹತ್ತಿರ ಮಾತ್ರ.

"ನಾನಂತೂ ಬಾಯಿ ಬಿಟ್ಟಿಲ್ಲ ಕಣೇ," ಎಂದಳು ಬೆಟ್ಟಿನಾ. "ನೀನೇ ಯೋಚನೆ ಮಾಡು. ಬೆಳಗಿಂದ ಸಂಜೆ ತನಕ ನಿನ್ನ ಮಾತು ಕೇಳಿಸ್ಕೊಳ್ಳೋರು ಯಾರು?"

"ಓರಿನ್? ಛೆ, ಇಲ್ಲಪ್ಪ."

"ಅದೇನು ಅಷ್ಟು ಗ್ಯಾರಂಟಿ?"

ಮಾರ್ಲಾಳ ಕೆನ್ನೆ ಕೆಂಪಾಯಿತು. ಬೆಟ್ಟಿನಾ ಅದನ್ನು ಕಂಡಳು. ಕಣ್ಣು ಕಿರಿದಾಯಿತು.

"ಏನೇ ಇದು?"

"ಅವನು ಅಂದ್ರೆ ನಂಗೆ ಇಷ್ಟ ಕಣೇ ಬೆಟ್. ತುಂಬಾ. ಇಲ್ಲಿ ಟೈಟಲ್ಲಲ್ಲಿ ನನ್ನ ಹೆಸರನ್ನ ಯಾರೋ ಹೊಸ ನಟಿ ಹೆಸರಿನ ಕೆಳಗೆ ಹಾಕ್ತೀವಿ ಅಂತ ಹಾಲ್ಡರ್ ಹೆದರಿಸ್ತಿದಾನೆ, ನಂಗೆ ಅಳು ಬರ್ತಿದೆ, ಆದ್ರೂ ಬೆಳಿಗ್ಗೆ ಎದ್ದು ಬರ್ತೀನಲ್ಲ, ಅದು ಅವನಿಗೋಸ್ಕರ." ಹೇಳುತ್ತಲೇ ಅತ್ತುಬಿಟ್ಟಳು.

"ಬಾಯಿ ಮುಚ್ಚು. ಇದನ್ನ ಯಾರ ಹತ್ರನೂ ಆಡ್ಬೇಡ. ದೊಡ್ಡ ಸಿನಿಮಾಕ್ಕೆ ಹೋಗೋಳು ಸೌಂಡಿನವನ ಹಿಂದೆ ಬಿದ್ದಿದಾಳೆ ಅಂದ್ರೆ ನಗ್ತಾರೆ. ನನ್ನಾಣೆ, ಹೇಳ್ಬೇಡ." ಬೆಟ್ಟಿನಾ ಅವಳ ಬೆನ್ನು ತಟ್ಟಲು ಬಗ್ಗಿದವಳು ಹಾಗೇ ನಿಂತಳು. "ಏ... ಈ ಹಸಿರು ದೀಪ ಏನೇ?"

ಮೈಕಿನ ಪೆಟ್ಟಿಗೆಯ ದೀಪ ಉರಿಯುತ್ತಿತ್ತು. ಮಾರ್ಲಾ ಆರಿಸಲು ಮರೆತಿದ್ದಳು.

ಎರಡು ದಿನಕ್ಕೆ ಪತ್ರಿಕೆಯಲ್ಲಿ ಬಂತು, 'ಮೇಕಪ್ ರೂಮಿನಲ್ಲಿ ಡಾಟ್ ಕಣ್ಣೀರು! ಹೆಸರು ಕೆಳಗಿಳಿಸಲು ನಿರ್ಮಾಪಕರ ಸಂಚು.'

ಮಾರ್ಲಾ ಅದನ್ನು ಎರಡು ಸಲ ಓದಿದಳು. ಹಾಗಾದರೆ ಓರಿನ್ ಕೇಳಿಸಿಕೊಂಡಿದ್ದಾನೆ. ಎಲ್ಲವನ್ನೂ. ನಾನು ಅವನನ್ನು ಇಷ್ಟಪಡುತ್ತೇನೆಂದು ಗೊತ್ತಿದ್ದೂ ನನ್ನ ಅಳುವನ್ನು ಮಾರಿಕೊಂಡನಾ?

ನೆಟ್ಟಗೆ ಸೆಟ್ಟಿಗೆ ನಡೆದಳು.

"ಎಷ್ಟಕ್ಕೆ ಮಾರಿದೆ?"

ಓರಿನ್ ಹೆಡ್‌ಫೋನ್ ಕೆಳಗಿಳಿಸಿದ. "ಏನನ್ನ?"

"ನನ್ನ ಮಾತನ್ನ. ಮೈಕು ಆನ್ ಇತ್ತು, ನೀನು ಇಳಿಸ್ಲಿಲ್ಲ. ಎಲ್ಲಾ ಕೇಳಿಸ್ಕೊಂಡೆ."

"ನಾನು ಇಳಿಸಿದ್ದೆ. ನೀವು ಸೆಟ್ಟು ದಾಟಿದ ಮೇಲೆ ಒಂದಕ್ಷರ ಕೇಳಿಲ್ಲ."

"ಎಲ್ಲಾ ಗೊತ್ತಿದ್ದೂ ಹೀಗೆ ಮಾಡಿದೆಯಲ್ಲ, ಅದು ನಂಗೆ..."

"ಏನು ಗೊತ್ತಿದ್ದು?" ಅವನು ನಿಜಕ್ಕೂ ಅರ್ಥವಾಗದವನ ಹಾಗೆ ನೋಡಿದ.

ಎಂಥಾ ನಟ ಇವನು, ಎಂದುಕೊಂಡಳು ಮಾರ್ಲಾ. ನಮಗೆಲ್ಲ ಪಾಠ ಹೇಳಬೇಕು.

ಹಾಲ್ಡರ್ ವಿಚಾರಿಸಲೂ ಹೋಗದೆ ಅವನನ್ನು ಕೆಲಸದಿಂದ ತೆಗೆದ. ಮಧ್ಯಾಹ್ನದ ಊಟದ ಹೊತ್ತಿಗೆ ಓರಿನ್ ತನ್ನ ವೈರುಗಳನ್ನು ಸುತ್ತಿಕೊಳ್ಳುತ್ತಿದ್ದ. ಕದ್ದು ಕೇಳುವವನು ಎಂಬ ಹೆಸರು ಬಂದ ಸೌಂಡಿನವನಿಗೆ ನಮ್ಮಲ್ಲಿ ಇನ್ನೊಂದು ಕೆಲಸ ಸಿಗುವುದಿಲ್ಲ. ಅದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಹೊರಡುವ ಮುಂಚೆ ಅವಳ ಮುಂದೆ ನಿಂತ.

"ನನ್ನ ಮುಖ ಕಂಡ್ರೆ ನಿಮಗಾಗಲ್ಲ ಅಂತ ಮೊದಲ ದಿನದಿಂದ ಗೊತ್ತಿತ್ತು, ಮೇಡಂ. ಮೈಕು ಅಂಟಿಸುವಾಗೆಲ್ಲ ಗೋಡೆ ನೋಡ್ತಿದ್ರಿ. ಇರ್ಲಿ ಅಂದ್ಕೊಂಡಿದ್ದೆ. ಆದ್ರೆ ಕಳ್ಳ ಅಂತೀರಿ ಅಂದ್ಕೊಂಡಿರಲಿಲ್ಲ."

ಅವಳು ಆಗಲೂ ಗೋಡೆಯನ್ನೇ ನೋಡಿದಳು.

ಮಾರನೆಯ ದಿನ ಹೊಸ ಸೌಂಡಿನವನು ಬಂದ. ಕುರ್ಚಿಯ ಮೇಲೆ ಪೊಟ್ಟಣ ಇರಲಿಲ್ಲ. ಮಾರ್ಲಾ ಡಾಟ್‌ಳ ಜೋಕುಗಳನ್ನೆಲ್ಲ ಹೇಳಿದಳು, ಎಲ್ಲರೂ ನಕ್ಕರು. ಅವಳ ಹೊಟ್ಟೆ ಗುರ್ ಎಂದರೂ ಯಾರೂ ಕೈಯೆತ್ತಲಿಲ್ಲ.

ಆ ವಾರದ ಕೊನೆಯಲ್ಲಿ ಅವಳ ಕೂದಲು ಬಾಚುತ್ತಿದ್ದ ಲೂಪೆ ಅದೇ ಪತ್ರಿಕೆ ತೆರೆದು ಲೊಚಗುಟ್ಟಿದಳು.

"ನೋಡಿದ್ಯಾ? ಯಾರೋ ನಟಿ ತನ್ನ ತೋಟದ ಮಾಲಿ ಜೊತೆ ಓಡಾಡ್ತಿದಾಳಂತೆ. ಮುಖಪುಟ ತುಂಬಾ ಅದೇ. ನಿನ್ನ ಅಳು ಪಾಪ, ಒಳಗೆಲ್ಲೋ ಮೂಲೇಲಿ ಹಾಕಿದ್ರು. ಪ್ರೀತಿ ಗೀತಿ ಸಿಕ್ಕಿದ್ರೆ ಈ ಜನ ಬಿಡ್ತಾರಾ?"

ಮಾರ್ಲಾ ಕನ್ನಡಿಯಲ್ಲಿ ತನ್ನ ಮುಖವನ್ನೇ ನೋಡುತ್ತಾ ಕೂತಳು.

ನಾನೂ ಅವತ್ತು ಒಂದೇ ಉಸಿರಿನಲ್ಲಿ ಎರಡು ಮಾತು ಹೇಳಿದ್ದೆ, ಎಂದು ಅವಳಿಗೆ ನೆನಪಾಯಿತು. ಅಳು ಬರುತ್ತಿದೆ ಎಂದೆ, ಓರಿನ್ ಇಷ್ಟ ಎಂದೆ. ಮಾರುವವನು ಮುಖಪುಟದ ಸುದ್ದಿ ಬಿಟ್ಟು ಮೂಲೆಯ ಸುದ್ದಿ ಯಾಕೆ ಮಾರುತ್ತಾನೆ? ಒಂದನ್ನು ಕೊಟ್ಟು ಇನ್ನೊಂದನ್ನು ಮುಚ್ಚಿಟ್ಟವರು ಯಾರು?

ಹೇಳ್ಬೇಡ, ನನ್ನಾಣೆ ಎಂದವರು ಯಾರು?

ಮಾರ್ಲಾ ಎದ್ದು ನಿಂತಳು, ಕೂದಲಿಗೆ ಸುತ್ತಿದ್ದ ಕ್ಲಿಪ್ಪಿನ ಸುರುಳಿಗಳು ಹಾಗೇ ಇದ್ದವು.

ಬೆಟ್ಟಿನಾ ಪಾರ್ಕಿಂಗಿನಲ್ಲಿ ಕಾರಿಗೆ ಒರಗಿ ಫೋನಿನಲ್ಲಿ ನಗುತ್ತಿದ್ದಳು. ಮಾರ್ಲಾಳ ಮುಖ ನೋಡಿ ಫೋನು ಇಟ್ಟಳು.

"ನೀನೇ ಅಲ್ವಾ ಬೆಟ್?"

ಬೆಟ್ಟಿನಾ ಸುಳ್ಳು ಹೇಳಲಿಲ್ಲ. ಅದೇ ಮಾರ್ಲಾಗೆ ಹೆಚ್ಚು ನೋವಾಗಿದ್ದು.

"ಹೂಂ. ಎಲ್ಲಾ ಮ್ಯಾನೇಜರುಗಳೂ ಮಾಡ್ತಾರೆ. ಸುದ್ದೀಲಿ ಇಲ್ದಿದ್ರೆ ನಿನ್ನ ಯಾರು ಕೇಳ್ತಾರೆ? ಮೊದಲನೇದು ಬಂದ ಮೇಲೆ ತಾನೇ ಸಿನಿಮಾದವರು ವಾಪಸ್ ಫೋನ್ ಮಾಡಿದ್ದು. ಎರಡನೇದು ಬಂದ ಮೇಲೆ ತಾನೇ ಹಾಲ್ಡರ್ ನಿನ್ನ ಹೆಸರು ಮುಟ್ಟೋಕೆ ಹೆದರಿದ್ದು."

"ಓರಿನ್ ಕೆಲಸ ಹೋಯ್ತು."

"ಅವನು ಹೋಗಿದ್ದು ಒಳ್ಳೇದೇ ಆಯ್ತು ಬಿಡು. ನೀನು ಅವನಿಗೋಸ್ಕರ ಇದನ್ನೆಲ್ಲ ಹಾಳು ಮಾಡ್ಕೊಳ್ತಿದ್ದೆ. ನಾನು ನೆಲದ ಮೇಲೆ ಮಲಗಿದ್ದು ಅದಕ್ಕಾ?"

"ನೀನು ಮಲಗಿದ್ದು ನಂಗೆ ಮರೆತಿಲ್ಲ ಕಣೇ. ಸಾಯೋವರೆಗೂ ಮರೆಯಲ್ಲ. ಆದ್ರೆ ಇವತ್ತಿಂದ ನನ್ನ ಕೆಲಸ ನೀನು ನೋಡ್ಬೇಡ."

ಸೆಟ್ಟಿಗೆ ಬಂದು ಮೈಕು ಹಾಕಿಸಿಕೊಂಡಳು. ಅದರ ದನಿ ನಿರ್ದೇಶಕ, ಬರಹಗಾರರು, ಹಾಲ್ಡರ್, ಎಲ್ಲರ ಕಿವಿಗೂ ಹೋಗುತ್ತದೆ. 'ಆ್ಯಕ್ಷನ್' ಎಂದ ಮೇಲೆ ಅವಳು ಡಾಟ್‌ಳ ಮಾತು ಆಡಲಿಲ್ಲ.

"ಓರಿನ್ ಏನೂ ಮಾರಿಲ್ಲ. ಸುದ್ದಿ ಹೋಗಿದ್ದು ನನ್ನ ಕಡೆಯಿಂದಲೇ, ನನ್ನ ಮ್ಯಾನೇಜರ್ ಕೊಟ್ಟಿದ್ದು. ಸಿನಿಮಾ ಮಾತುಕತೇನೂ ನಿಜ. ಬೈಯೋದಿದ್ರೆ ನನ್ನ ಬೈರಿ, ಕಳಿಸೋದಿದ್ರೆ ನನ್ನ ಕಳಿಸಿ. ಅವನ ಹೆಸರಿಗೆ ಅಂಟಿದ ಕೊಳೆ ತೊಳೀರಿ."

ಯಾರೂ 'ಕಟ್' ಹೇಳಲಿಲ್ಲ. ಕೊನೆಗೆ ಹಾಲ್ಡರ್ ಹೆಡ್‌ಫೋನ್ ತೆಗೆದಿಟ್ಟು, "ಸೋಮವಾರ ಅವನು ಬರ್ಲಿ. ನಾನೇ ಫೋನ್ ಮಾಡ್ತೀನಿ," ಎಂದ. "ನಿನ್ನ ವಿಷಯ ಆಮೇಲೆ."

ಓರಿನ್ ಸಿಕ್ಕಿದ್ದು ವ್ಯಾನ್ ನೈಸ್ ಎಂಬ ಬಡಾವಣೆಯ ಒಂದು ಹಾಸಿಗೆ ಅಂಗಡಿಯ ಮುಂದೆ. ಅಗ್ಗದ ಜಾಹೀರಾತಿನ ಚಿತ್ರೀಕರಣ. ಕರಡಿ ವೇಷದವನೊಬ್ಬ ಬಿಸಿಲಲ್ಲಿ ಹಾಸಿಗೆಯ ಮೇಲೆ ಕುಣಿದು ಏದುಸಿರು ಬಿಡುತ್ತಿದ್ದ. ಓರಿನ್ ಆ ಏದುಸಿರನ್ನು ಶ್ರದ್ಧೆಯಿಂದ ಕೇಳುತ್ತಾ ಕೂತಿದ್ದ.

ಕರಡಿ ನೀರು ಕುಡಿಯಲು ಹೋಯಿತು. ಮಾರ್ಲಾ ಎದುರು ಬಂದು ನಿಂತಳು.

"ಹಾಲ್ಡರ್ ಫೋನ್ ಮಾಡಿದ್ರು. ಎಲ್ಲಾ ಹೇಳಿದ್ರು," ಎಂದ ಅವನು. ದನಿ ಬೆಚ್ಚಗಿರಲಿಲ್ಲ. "ಸೋಮವಾರ ಬರೋದೋ ಬೇಡ್ವೋ, ಇನ್ನೂ ಗೊತ್ತಿಲ್ಲ."

"ತಪ್ಪಾಯ್ತು, ಓರಿನ್. ಎಲ್ಲರ ಮುಂದೆ ಕಳ್ಳ ಅಂದೆ. ನಿನ್ನ ಮಾತು ಒಂದ್ಸಲಾನೂ ಕೇಳ್ಲಿಲ್ಲ."

ಅವನು ವೈರು ಬಿಡಿಸತೊಡಗಿದ.

"ನಂಗೊಂದು ಮೈಕು ಹಾಕ್ತೀಯಾ?"

ಅವನು ಅವಳನ್ನು ನೋಡಿದ. ಯಾಕೆ ಎಂದು ಕೇಳಲಿಲ್ಲ. ಕಾಲರಿಗೆ ಮೈಕು ಅಂಟಿಸಿದ, ಕೈ ಅವತ್ತಿನ ಹಾಗೇ ತಣ್ಣಗಿತ್ತು. ಈ ಸಲ ಮಾರ್ಲಾ ಗೋಡೆ ನೋಡಲಿಲ್ಲ. ಅವನನ್ನೇ ನೋಡಿದಳು. ಅವನ ಬೆರಳು ತಡವರಿಸಿತು.

ಆಮೇಲೆ ಅವಳು ತಿರುಗಿ ಪಾರ್ಕಿಂಗಿನ ಆ ತುದಿಯವರೆಗೂ ನಡೆದುಹೋದಳು. ಅವನಿಗೆ ಬೆನ್ನು ಹಾಕಿ, ಎದುರಿಗೆ ಹೇಳಲು ಧೈರ್ಯ ಸಾಲದ ಮಾತನ್ನೆಲ್ಲ ಕಾಲರಿಗೆ ಮೆಲ್ಲಗೆ ಹೇಳಿದಳು. ಗೋಡೆ ಯಾಕೆ ನೋಡುತ್ತಿದ್ದೆ ಎಂದಳು. ಬಿಸ್ಕತ್ತಿನ ಪೊಟ್ಟಣ ಇಲ್ಲದ ಕುರ್ಚಿಯಲ್ಲಿ ಕೂರಲು ಆಗುತ್ತಿಲ್ಲ ಎಂದಳು. ನೀನಂದರೆ ನನಗೆ ಪ್ರಾಣ ಎಂದಳು. ಕಣ್ಣೊರೆಸಿಕೊಂಡು ವಾಪಸು ಬಂದಳು.

"ಹೇಳು," ಎಂದಳು. "ಏನಂತೀಯ?"

ಓರಿನ್ ಮುಖ ಪೆಚ್ಚಾಗಿತ್ತು. "ಯಾವುದಕ್ಕೆ?"

"ಕೇಳಿಸ್ಲಿಲ್ವಾ?"

"ನೀವು ಹೊರಟು ನಿಂತ್ರಲ್ಲ..." ಅವನು ಬೋರ್ಡಿನ ಮೇಲಿದ್ದ ತನ್ನ ಕೈಯನ್ನೇ ನೋಡಿಕೊಂಡ. "ಅಭ್ಯಾಸ. ಇಳಿಸಿಬಿಟ್ಟೆ."

ಮಾರ್ಲಾಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು. ಇಂಥವನನ್ನು ನಾನು ಏನೆಂದುಬಿಟ್ಟೆ... ಹತ್ತಿರ ಹೋಗಿ ಅವನ ಕಿವಿಯಿಂದ ಹೆಡ್‌ಫೋನ್ ತೆಗೆದಳು. ಅಷ್ಟು ದೂರ ನಡೆದು ಹೇಳಿದ್ದನ್ನು ಈಗ ಅವನ ಕಿವಿಯಲ್ಲೇ ಹೇಳಿದಳು.

ಅವನು ಬೋರ್ಡಿನಿಂದ ಕೈ ತೆಗೆದ.

"ಈಗ ಕೇಳ್ತಾ?"

"ಕೇಳ್ತು."

"ಸರಿಯಾಗಿ?"

"ಸರಿಯಾಗಿ ಕೇಳ್ತು, ಮಾರ್ಲಾ." ಮೊದಲ ಬಾರಿ ಅವನು ಅವಳ ಹೆಸರು ಹಿಡಿದು ಕರೆದ. ತಣ್ಣನೆಯ ಕೈಯಲ್ಲಿ ಅವಳ ಕೈ ಹಿಡಿದುಕೊಂಡ. "ಆದ್ರೂ ಇನ್ನೊಂದ್ಸಲ ಹೇಳು. ಕರಡಿ ಬರೋಕೆ ಇನ್ನೂ ಹೊತ್ತಿದೆ."