ಸತ್ತ ಎಮ್ಮೆಯ ನಂಬರ್

ಬೈಲಪ್ಪನ ಕೈಯಲ್ಲಿ ಮಚ್ಚು. ನನ್ನ ಕೈಯಲ್ಲಿ ಎಮ್ಮೆಯ ಬಾಲ!

ವ್ಯಾನು ಹಿಂದೂಪುರದ ಕಡೆ ಹುಚ್ಚು ಹಿಡಿದಂತೆ ಓಡುತ್ತಿತ್ತು. ಹಿಂದೆ ಎಮ್ಮೆಗಳು, ಎಮ್ಮೆಗಳ ನಡುವೆ ನಾನು. ರೊದ್ದಂ ದಾಟಿದ ಮೇಲೆ, ಡ್ರೈವರ್ ಪಕ್ಕ ಕೂತಿದ್ದ ಆ ಕಳ್ಳ ನನ್ನನ್ನು ಕಂಡು ಹಿಂಬದಿಗೆ ನುಗ್ಗಿದ್ದ.

“ದಿಗವೇ! ಧುಮ್ಕು ಕೆಳಕ್ಕೆ! ಇಲ್ಲಾಂದ್ರೆ ಕೊಚ್ಚಾಕ್ಬುಡ್ತೀನಿ!”

“ವ್ಯಾನ್ ನಿಲ್ಸು, ಇಳೀತೀನಿ ಕಣಪ್ಪ!”

ನಿಲ್ಲಿಸಲಿಲ್ಲ. ನನಗೆ ನಗು ಬಂತು. ಭಯವಾದಾಗ ನಗುವುದು ನನ್ನ ಕೆಟ್ಟ ಚಾಳಿ.

ನಾನು ಬನಶಂಕರಿ. ಕಳುವಾದ ದನ, ಎಮ್ಮೆ ಹುಡುಕಿ ಕೊಡುವುದು ನನ್ನ ಕಸುಬು. ಪೊಲೀಸರಿಗಿಂತ ಬೇಗ, ಹರಕೆಗಿಂತ ಅಗ್ಗ!

ಬೆಳಗ್ಗೆ ಬ್ರಹ್ಮಸಮುದ್ರದ ಓಬಕ್ಕ ಬಂದು ಗೋಳೋ ಎಂದು ಅತ್ತಿದ್ದಳು. “ನನ್ ಕಾಳೀನ ಹೊಡ್ಕೊಂಡ್ ಹೋಗ್ಬುಟ್ಟವ್ರೆ ಕಣಮ್ಮ. ಅವ್ಳ ಹಾಲಿದ್ರೇನೆ ನಮ್ಮನೇಲಿ ಒಲೆ ಉರಿಯೋದು!”

ಕಲ್ಯಾಣದುರ್ಗದ ದನದ ದಲ್ಲಾಳಿ ಬೈಲಪ್ಪನ ಮೇಲೆ ನನಗೆ ಮೊದಲೇ ಅನುಮಾನ; ಅವನ ಗೋಡೌನ್ ಹಿಂದೆ ನಿಂತಿದ್ದ ವ್ಯಾನಿನಲ್ಲಿ ಕಾಳಿ ಸಿಕ್ಕಿತು. ಓಬಕ್ಕ ಹೇಳಿದ ಹಾಗೇ ಎಡಗೊಂಬು ಕಿವಿಯ ಮೇಲೆ ಬಗ್ಗಿತ್ತು. ಆದರೆ ಕಿವಿಯಲ್ಲಿ ಹೊಸ ಹಳದಿ ಟ್ಯಾಗ್! ಹತ್ತಿ ನೋಡುವಷ್ಟರಲ್ಲಿ ವ್ಯಾನು ಹೊರಟೇಬಿಟ್ಟಿತು.

ಟ್ಯಾಗ್ ಗೊತ್ತಲ್ಲ ಸ್ವಾಮಿ? ಹನ್ನೆರಡು ಅಂಕಿ, ಜೊತೆಗೆ ಅವನ್ನೇ ಗೆರೆಗಳಲ್ಲಿ ಬರೆದ ಬಾರ್‌ಕೋಡ್. ಎಮ್ಮೆಯ ಆಧಾರ್ ಎನ್ನಿ. ಇಡೀ ದೇಶದಲ್ಲಿ ಒಂದು ನಂಬರಿಗೆ ಒಂದೇ ಎಮ್ಮೆ.

ಮಚ್ಚು ತಲೆಯ ಮೇಲೆ ಸುಯ್ ಎಂದು ಹಾದುಹೋಯಿತು. ಕಾಳಿಯ ಕುತ್ತಿಗೆಯ ಹಿಂದೆ ಅಡಗಿದೆ. ಅಡ್ಡ ನಿಂತ ಎಮ್ಮೆಗಳನ್ನು ದಾಟಿ ಬರಲು ಬೈಲಪ್ಪನಿಗೆ ಆಗಲಿಲ್ಲ. ಅವಳ ಟ್ಯಾಗ್ ಓದಿದೆ. ಪಕ್ಕದ ಎಮ್ಮೆಯದು... ಅದೇ ನಂಬರ್! ಅದರಾಚೆಯದು... ಅದೂ ಅದೇ!

ಹಿಂದೂಪುರದ ಸಂತೆ ಗೇಟಿನಲ್ಲಿ ದನಗಳ ಟ್ಯಾಗ್ ನೋಡಲು ಕೂರುವ ತನುಜಾಗೆ ಪಿಸುದನಿಯಲ್ಲಿ ಫೋನ್ ಮಾಡಿದೆ. ಕಿವಿಯಲ್ಲಿ ಹಳದಿ ಕಂಡರೆ ಸಾಕು, ಒಳಗೆ ಬಿಡುವುದು ಅಲ್ಲಿಯ ವಾಡಿಕೆ.

“ಬೈಲಪ್ಪನ ವ್ಯಾನ್ ಬತ್ತೈತೆ. ಸ್ಕ್ಯಾನ್ ಮಾಡ್ದೆ ಬುಡ್ಬೇಡ ಕಣಮ್ಮ. ಎಲ್ಲಾನೂ!”

ಹಿಂದೂಪುರ ಬಂದೇಬಿಟ್ಟಿತು. ಮುಂದೆ ಗೇಟು, ಹಿಂದೆ ಲಾರಿಗಳ ಸಾಲು. ತಿರುಗಿಸಲು ಜಾಗವಿಲ್ಲ. ಜನ ಕಂಡಿದ್ದೇ ಬೈಲಪ್ಪ ಮಚ್ಚು ಬಚ್ಚಿಟ್ಟು ಹಲ್ಲು ಕಿರಿದ. ತನುಜಾ ಕಾಳಿಯ ಕಿವಿಗೆ ಫೋನ್ ಹಿಡಿದಳು.

“ಬೈಲಪ್ಪಣ್ಣ... ಈ ಎಮ್ಮೆ ಚಚ್ಚಿಪೋಯಿಂದಿ!”

“ಏನಂದೆ?”

“ಹೋದ್ ವರ್ಷಾನೇ ಸತ್ತೋಗೈತೆ! ಇನ್ಸೂರೆನ್ಸ್ ದುಡ್ಡು ನೀನೇ ತಕೊಂಡಿದ್ದೀಯ!”

ಎರಡನೆಯ ಎಮ್ಮೆ ಸ್ಕ್ಯಾನ್ ಮಾಡಿದಳು. ಸತ್ತಿತ್ತು. ಮೂರನೆಯದು ಸತ್ತೇ ಹುಲ್ಲು ಮೆಲ್ಲುತ್ತಿತ್ತು. ಸಂತೆಗೆ ಸಂತೆಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು!

ಬಾಯಿಗೆ ಬಂದ ನಂಬರನ್ನು ಕಂಪ್ಯೂಟರ್ ಒಪ್ಪುವುದಿಲ್ಲ. ಅದಕ್ಕೇ ಈ ಜಾಣ ತನ್ನದೇ ಹಳೇ ಎಮ್ಮೆಯ ನಂಬರನ್ನು ಕದ್ದ ಎಮ್ಮೆಗಳಿಗೆಲ್ಲ ಅಚ್ಚು ಹಾಕಿಸಿದ್ದ. ಅದು ಸತ್ತಿದೆಯೆಂದು ಬರೆಸಿ ವಿಮೆ ನುಂಗಿದ್ದನ್ನು ಮರೆತಿದ್ದ.

ನಾನು ವ್ಯಾನಿನಿಂದ ಇಳಿದೆ. ಮೈಯೆಲ್ಲ ಸಗಣಿ, ಮುಖವೆಲ್ಲ ನಗು.

“ಇವು ನಿನ್ನವೇನಪ್ಪ? ಹೌದನ್ನು, ಇನ್ಸೂರೆನ್ಸ್ ಮೋಸಕ್ಕೆ ಒಳಕ್ಕೆ ಹೋಗು. ಅಲ್ಲ ಅನ್ನು, ಇಲ್ಲೇ ಬುಟ್ಟು ಹೋಗು!”

ಬೈಲಪ್ಪ ಎರಡು ಹೆಜ್ಜೆ ಹಿಂದೆ ಸರಿದ.

“ನನ್ವಲ್ಲ... ಯಾರ್ವೋ ಏನೋ!”

ತನುಜಾ ಅದನ್ನೂ ಫೋನಿನಲ್ಲಿ ಹಿಡಿದಳು. ಪೊಲೀಸರು ಬಂದಾಗ ತೋರಿಸಲು ಬೇಕಿತ್ತಲ್ಲ!

ಸಂಜೆ ಬಸ್ಸಿಗೆ ಓಬಕ್ಕ ಬಂದಳು. “ಕಾಳೀ...” ಎಂದಿದ್ದೇ ತಡ, ಕಾಳಿ ಹಗ್ಗ ಹಿಡಿದಿದ್ದ ನನ್ನನ್ನು ದರದರ ಎಳೆದುಕೊಂಡು ಓಡಿತು. ಓಬಕ್ಕ ಅದರ ಕತ್ತು ತಬ್ಬಿ ಅತ್ತಳು. ನನಗೂ ಅಳು ಬಂತು, ಸುಳ್ಳೇಕೆ ಹೇಳಲಿ?

“ಅಮ್ಮಣ್ಣಿ, ಕಂಪ್ಯೂಟರ್‌ನಾಗೆ ಇವ್ಳು ಸತ್ತೋಗವ್ಳಂತಲ್ಲ?” ಓಬಕ್ಕ ಗಾಬರಿಯಲ್ಲಿ ಕೇಳಿದಳು.

“ಸತ್ತ ಎಮ್ಮೆಗೇ ಹಾಲು ಜಾಸ್ತಿ ಕಣಕ್ಕ,” ಎಂದೆ. “ಚೊಂಬು ತಾ. ನನ್ ಫೀಸು ಕರ್ದು ಕೊಡು!”