ಬಿಳಿ ಗೇರಾಯಿಲು

"ಕಳ್ಳ! ನೀರು ಕುಡದ ಮೋಟಾರು ನನ್ನ ಕೊರಳಿಗೆ ಕಟ್ಟಾಕ ಬಂದೀಯೇನು?"

ಮಂಜೀರಾ ಹಿನ್ನೀರಿನ ದಂಡೆಯಲ್ಲಿ ಧಮ್ಮಶೀಲಾ ಅರಚಿದ್ದಕ್ಕೆ ಬಲೆ ಬಿಡಿಸುತ್ತಿದ್ದವರೆಲ್ಲ ತಲೆ ಎತ್ತಿದರು. ಅವಳ ಕೈಯ ಮಗ್ಗಿನಲ್ಲಿ, ಪೋಚಪ್ಪ ಮಾರಲಿದ್ದ ಹಳೇ ಬೋಟಿನ ಮೋಟಾರಿನಿಂದ ಅವಳೇ ಆಗಷ್ಟೇ ಇಳಿಸಿದ, ಗೇರುಚಕ್ರಗಳಿಗೆ ಹಾಕುವ ಗೇರಾಯಿಲು ಹಾಲು ಹೆಚ್ಚಾದ ಚಹಾದಂತಿತ್ತು. ನಿನ್ನೆ ಸಂಜೆ ಪೀಪಾಯಿ ನೀರಿನಲ್ಲಿ ಮೋಟಾರು ಓಡಿಸಿದ ಮೇಲೆ ನೋಡಿದಾಗ ಅದೇ ಎಣ್ಣೆ ಜೇನಿನ ಬಣ್ಣದ್ದಾಗಿತ್ತು; ಆಮೇಲೆ ಮೋಟಾರು ರಾತ್ರಿಯಿಡೀ ಪೀಪಾಯಿಯಲ್ಲೇ ಇತ್ತು.

"ಸಂಘದಾಗಿಂದ ಇವನ ಹೆಸರು ಹೊಡೀರಿ!"

ಪೋಚಪ್ಪನ ಮುಖ ಕಪ್ಪಿಟ್ಟಿತು. ಮೀನುಗಾರರ ಸಂಘದಲ್ಲಿ ಹೆಸರಿಲ್ಲದವನು ಆ ನೀರಿಗೆ ಬಲೆ ಇಳಿಸುವಂತಿಲ್ಲ.

"ಸೀಲ್ ಹೋಗ್ಯಾದ. ಪೀಪಾಯಿದಾಗ ಬಿಟ್ಟಿದ್ದಕ್ಕ ನೀರು ಇಳದದ," ಎಂದ ಮೆಕ್ಯಾನಿಕ್ ತುಳಸಿರಾಮ. "ಗುಜರಿ ರೇಟಿಗೆ ಬೇಕಾದ್ರ ನಾನೇ ಒಯ್ತೀನಿ." ಎಣ್ಣೆ ಬದಲಿಸಲು ಬಂದಿದ್ದ ಅವನ ಚೀಲ ಇನ್ನೂ ಬಿಚ್ಚಿರಲಿಲ್ಲ.

"ಪೈಪು ಇವನ ಹತ್ರ ಇತ್ತು. ಇಂವನೂ ಕೂಡ್ಯಾನ!" ಧಮ್ಮಶೀಲಾಳ ಬೆರಳು ಅಮರನತ್ತ ತಿರುಗಿತು. ಕೊಳ್ಳುವವಳಿಗೂ ಮಾರುವವನಿಗೂ ಪರಸ್ಪರ ನಂಬಿಕೆಯಿಲ್ಲದೆ, ರಾತ್ರಿ ಯಾರೂ ಓಡಿಸದಂತೆ ಮೋಟಾರಿನ ಪೆಟ್ರೋಲ್ ಪೈಪು ಬಿಚ್ಚಿ ಆಟೋ ಅಮರನಿಗೆ ಒಪ್ಪಿಸಿದ್ದರು. ಅವನು ಅದನ್ನು ದಿಂಬಿನಡಿ ಇಟ್ಟುಕೊಂಡೇ ಮಲಗಿದ್ದ.

"ಅಕ್ಕಾ, ನಿಮ್ದು ಬೋಟಿಗಿಂತ ಬೊಟ್ಟೇ ಜೋರು ಓಡ್ತದ," ಎಂದವನೇ ಅಮರ ಆಟೋ ಏರಿದ. ಒಂದು ತಾಸಿನಲ್ಲಿ ಜಹೀರಾಬಾದಿನಿಂದ ಕೌಶಲ್ಯಾಬಾಯಿಯವರನ್ನು ಕರೆತಂದ. ಕಾಲೇಜಿನ ಲ್ಯಾಬಿನಲ್ಲಿ ಮೂವತ್ತು ವರ್ಷ ಬೀಕರು ತೊಳೆದು ನಿವೃತ್ತರಾದ ಅವರ ಬಳಿಗೇ ಸುತ್ತಲಿನ ಜಗಳಗಳೆಲ್ಲ ಬರುತ್ತಿದ್ದವು.

ಅವರು ಮಗ್ಗಿನ ಎಣ್ಣೆಯನ್ನು ಅಳತೆಯ ಬಾಟಲಿಗೆ ಸುರಿದರು. "ಮೋಟಾರು ಎಷ್ಟು ಹಿಡಿತದ?"

"ಮುನ್ನೂರು ಮಿಲಿ," ಎಂದ ತುಳಸಿರಾಮ.

ಬಾಟಲಿಯಲ್ಲಿ ಸರಿಯಾಗಿ ಮುನ್ನೂರಿತ್ತು. "ಇಳಿಸುವಾಗ ಮೊದಲು ಬರೇ ನೀರು ಬಂತೇನು?"

"ಇಲ್ಲ ಬಾಯಿ, ಮೊದಲಿಂದ್ಲೂ ಹಿಂಗೇ," ಎಂದಳು ಧಮ್ಮಶೀಲಾ.

ಕೌಶಲ್ಯಾಬಾಯಿ ಎಲ್ಲರನ್ನೂ ಪೀಪಾಯಿಯ ಸುತ್ತ ನಿಲ್ಲಿಸಿದರು. "ನೀರು ತಾನಾಗಿ ಒಳಗ ಇಳದ್ರ ತಳದಾಗ ಬ್ಯಾರೇ ನಿಲ್ತದ. ಮೊದಲು ನೀರು ಬರಬೇಕು, ಆಮ್ಯಾಲ ಎಣ್ಣಿ. ಹಿಂಗ ಮಜ್ಜಿಗಿ ಆಗಬೇಕಂದ್ರ ಗೇರು ತಿರುಗಿ ಕಡೀಬೇಕು. ಪೈಪಿಲ್ಲದ ಮೋಟಾರು ತಿರುಗಿದ್ದು ಹ್ಯಾಂಗ? ಅಂದ್ರ ಯಾರೋ ಹೊರಗ ಕಡದು ತಂದು ತುಂಬ್ಯಾರ."

"ಅದು ಪೋಚಪ್ಪನೇ!" ಎಂದ ತುಳಸಿರಾಮ.

"ತನ್ನ ಮಾಲು ತಾನೇ ಕೆಡಸ್ಲಾಕ ಹುಚ್ಚೇನು? ಮತ್ತ ಮ್ಯಾಲಿನ ತೂತಿಗೆ ಸುರದ್ರ ಗಾಳಿ ಸಿಕ್ಕೊಂಡು ಅರ್ಧಾನೂ ಹೋಗಂಗಿಲ್ಲ. ಮುನ್ನೂರು ತುಂಬಬೇಕಂದ್ರ ತಳದ ತೂತಿಗೆ ಪಂಪಿಟ್ಟು ಒತ್ತಬೇಕು. ಈ ದಂಡಿಮ್ಯಾಲ ಪಂಪು ಯಾರ ಹತ್ರ ಅದ?"

ಎಲ್ಲರ ಕಣ್ಣೂ ಚೀಲದ ಮೇಲೆ ಬಿದ್ದವು. "ಇವತ್ತು ಅದನ್ನ ತಗದೇ ಇಲ್ರಿ!" ತುಳಸಿರಾಮ ತೊದಲಿದ.

"ಅದಕ್ಕೇ ಒತ್ತು. ಇವತ್ತು ತಗದಿಲ್ಲಂದ್ರ ಅದರಾಗ ಬಿಳಿ ಎಣ್ಣಿ ಇರಬಾರದು."

ಅವನು ಚೀಲ ಹಿಂದಕ್ಕೆ ಎಳೆದುಕೊಂಡ. ಅಮರನೇ ಪಂಪು ತೆಗೆದು ಒತ್ತಿದ. ಕಪ್ಪು ಕಲ್ಲಿನ ಮೇಲೆ ಬಿಳಿ ಹನಿ ಬಿತ್ತು, ಅದರ ಹಿಂದೆ ಇನ್ನೊಂದು.

"ಗುಜರಿ ರೇಟಿಗೆ ನಾನೇ ಒಯ್ತೀನಿ," ಅಮರ ತುಳಸಿರಾಮನ ಮೂಗುದನಿಯಲ್ಲೇ ಅಂದ. ಬಲೆಗಾರರು ತುಳಸಿರಾಮನ ದಾರಿಗೆ ಅಡ್ಡ ನಿಂತಿದ್ದರು.

ಧಮ್ಮಶೀಲಾ ಅಮರನ ಬಳಿಯಿದ್ದ ಪೈಪಿಗೆ ಕೈ ಚಾಚಿದಳು. ಪೋಚಪ್ಪ ತಡೆದ. "ನಿಲ್ಲು. ಇಷ್ಟು ಮಂದಿ ಮುಂದ ಕಳ್ಳ ಅಂದಿ. ಇವರ ಮುಂದೇ ಅಲ್ಲ ಅನ್ನು. ಇಲ್ಲಾಂದ್ರ ಬೋಟು ಇಲ್ಲೇ ಕೊಳೀಲಿ."

ಅವಳು ಹಲ್ಲು ಕಚ್ಚಿದಳು. ನೀರಿನತ್ತ ಮುಖ ತಿರುಗಿಸಿ ಅಂದಳು, "ಪೋಚಪ್ಪ ಕಳ್ಳ ಅಲ್ಲ."

"ಮಂದಿ ಈ ಕಡಿ ಇದ್ದಾರ."

ತಿರುಗಿದಳು. ಈ ಸಲ ಆಚೆ ದಡಕ್ಕೂ ಕೇಳಿಸುವಷ್ಟು ಜೋರಾಗಿ ಅಂದಳು. ಆಗ ಪೋಚಪ್ಪ ತಲೆಯಾಡಿಸಿದ, ಅಮರ ಪೈಪು ಕೊಟ್ಟ.