ಮೂರನೆಯ ಭಾನುವಾರ

ಅಮ್ಮ ಅಣ್ಣನನ್ನು ಪಕ್ಕಕ್ಕೆ ಹೊರಳಿಸಿ ಹಿಡಿದಿದ್ದಳು. ತಂಗಿ ಒದ್ದೆ ಬಟ್ಟೆ ಹಿಂಡಿ, ಅವನ ಬೆನ್ನಿನ ಹುಣ್ಣಿನ ಸುತ್ತ ಮೆಲ್ಲಗೆ ಒರೆಸುತ್ತಿದ್ದಳು. ಚರ್ಚಿನ ಗೋಡೆಗೆ ಬಣ್ಣ ಹೊಡೆಯುವಾಗ ಏಣಿಯಿಂದ ಬಿದ್ದ ಅಣ್ಣ, ಮತ್ತೆ ಎದ್ದು ನಿಂತಿರಲಿಲ್ಲ.

ಬಾಗಿಲಲ್ಲಿ ಅವನು ಬಂದು ನಿಂತ. ಅಣ್ಣನ ಜೊತೆ ಬಣ್ಣ ಹೊಡೆಯುತ್ತಿದ್ದ ಗೆಳೆಯ. ಅವಳನ್ನು ಮದುವೆಯಾಗಲಿರುವವನು.

ಅವನ ಮುಖ ನೋಡಿದ್ದೇ ಒರೆಸುತ್ತಿದ್ದ ಅವಳ ಕೈ ನಿಂತಿತು.

"ಅಮ್ಮಾ... ಎರಡು ಭಾನುವಾರ ಚರ್ಚಲ್ಲಿ ನಮ್ಮ ಮದುವೆ ವಿಷಯ ಓದಿ, ಅಡ್ಡಿ ಇದೆಯಾ ಅಂತ ಕೇಳಿದ್ರು. ನಾಳೆ ಕೊನೇ ಸಲ. ಅದಕ್ಕೆ ಮುಂಚೆ ಹೇಳ್ಬೇಕು. ಆವತ್ತು ಏಣಿ ತಾನಾಗೇ ಜಾರಲಿಲ್ಲ. ಇವಳು ಗೇಟಿನ ಹತ್ರ ಬರ್ತಿದ್ಲು... ನೋಡೋಕೆ ತಿರುಗಿದೆ. ಏಣಿ ಹಿಡಿದಿದ್ದ ಕೈ ಬಿಟ್ಟೆ."

'ನನ್ನನ್ನು ನೋಡೋಕೆ! ಅಯ್ಯೋ ದೇವರೇ...'

ಅಮ್ಮ ಮಗನನ್ನು ಹಿಡಿದೇ ಅವನತ್ತ ತಿರುಗಿದಳು. "ದೇವರ ಮನೆಗೆ ಬಣ್ಣ ಹೊಡೆಯೋಕೆ ಹೋದ ಮಗ ನನ್ನವನು. ಆ ದೇವರೂ ಹಿಡೀಲಿಲ್ಲ, ನೀನೂ ಹಿಡೀಲಿಲ್ಲ. ಈಗ ಮಗಳನ್ನೂ ಕೊಡ್ಬೇಕಾ?"

"ಅಮ್ಮಾ, ಬೆನ್ನು ತಣ್ಣಗಾಗ್ತಿದೆ. ಮೊದಲು ಒರೆಸಿ, ಆಮೇಲೆ ಜಗಳ ಆಡಿ," ಅಣ್ಣ ದಿಂಬಿಗೆ ಮುಖ ಒತ್ತಿಕೊಂಡೇ ಗೊಣಗಿದ. "ನಂಗೆ ಗೊತ್ತಿತ್ತು. ಮೇಲೆ ನಿಂತವನಿಗೆ ಎಲ್ಲಾ ಕಾಣುತ್ತೆ."

"ಗೊತ್ತಿದ್ದೂ ದಿನಾ ಇವನ ಕೈಲಿ ಊಟ ಮಾಡಿಸ್ಕೊಂಡ್ಯಾ?" ಅಂದಳು ಅಮ್ಮ.

"ಮೊದಮೊದಲು ಇವನನ್ನೂ ಬೈದೆ, ದೇವರನ್ನೂ ಬೈದೆ. ಮನಸ್ಸಲ್ಲೇ, ಬಾಯಿಗೆ ತರಬಾರದ್ದೆಲ್ಲ! ಇಬ್ರಲ್ಲಿ ಒಬ್ರೂ ಎದ್ದು ಹೋಗ್ಲಿಲ್ಲಮ್ಮ."

ಅಮ್ಮ ಕರಗಲಿಲ್ಲ. "ನಾಳೆ ಪಾದ್ರಿಗಳು ಅಡ್ಡಿ ಇದೆಯಾ ಅಂತ ಕೇಳ್ತಾರಲ್ಲ... ನಾನು ಎದ್ದು ನಿಲ್ತೀನಿ!"

ಬೆಳಿಗ್ಗೆ ಚರ್ಚಿನ ಮೆಟ್ಟಿಲ ಬಳಿ ಅವಳು ಅವನನ್ನು ತಡೆದಳು.

"ಇನ್ನೊಂದು ದಿನ ಸುಮ್ಮನಿರೋಕೆ ಆಗ್ಲಿಲ್ವಾ ನಿಮ್ಗೆ?"

"ಆ ಸುಳ್ಳು ಇಟ್ಕೊಂಡು ನಿನ್ನ ಕೈ ಹೇಗೆ ಹಿಡೀಲಿ? ನನ್ನ ಮೇಲೆ ಕೋಪಾನಾ?"

"ತುಂಬಾ." ಅವಳ ಕಣ್ಣು ತುಂಬಿತು. "ಆದ್ರೂ... ನೀವೇ ಬೇಕು. ಅಮ್ಮ ಎದ್ದು ನಿಂತ್ರೆ?"

"ಆಗ್ಲೂ ನಿಮ್ಮಣ್ಣನ ಹತ್ರ ದಿನಾ ಬರ್ತೀನಿ. ನಿನ್ನ ಕಡೆ ಮಾತ್ರ ನೋಡಲ್ಲ."

"ನೋಡಿ," ಅಂದಳು ಅವಳು, ಅಳುತ್ತಲೇ. "ಕೈಯಲ್ಲಿ ಏಣಿ ಇಲ್ಲದಾಗ ನೋಡಿ."

ಒಳಗೆ ಎಲ್ಲರೂ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದರು. ತಪ್ಪು ಮಾಡಿದವರನ್ನು ಕ್ಷಮಿಸುವ ಸಾಲು ಬಂದಾಗ ಪಕ್ಕದಲ್ಲಿದ್ದ ಅಮ್ಮನ ದನಿ ನಿಂತುಹೋಯಿತು. ಉಳಿದವರು ಮುಂದೆ ಹೋದರು. ಆಮೆನ್ ಕೂಡ ಆಯಿತು.

ಜನ ಎದ್ದು ಕೂರುವ ಸದ್ದಿನ ನಡುವೆ, ಬಿಟ್ಟ ಆ ಸಾಲನ್ನು ಅಮ್ಮ ಒಬ್ಬಳೇ ಹೇಳಿಕೊಂಡದ್ದು ಅವಳಿಗೆ ಕೇಳಿಸಿತು. ಸಾಲು ಅರ್ಧಕ್ಕೇ ತುಂಡಾಯಿತು. ಅಮ್ಮ ಮತ್ತೆ ಮೊದಲಿನಿಂದ ಹೇಳಿದಳು.

ಪಾದ್ರಿಗಳು ಇಬ್ಬರ ಹೆಸರು ಓದಿದರು. ಬೆಂಚು ಕಿರುಗುಟ್ಟಿತು. ಅವಳು ಕಣ್ಣು ಮುಚ್ಚಿಕೊಂಡಳು... ಮಡಿಲಲ್ಲಿದ್ದ ಅವಳ ಕೈಯ ಮೇಲೆ ಅಮ್ಮನ ಒರಟು ಕೈ ಬಂದು ಕೂತಿತು.

"ಈ ಮದುವೆಗೆ ಯಾರದಾದರೂ ಅಡ್ಡಿ ಇದ್ದರೆ ದಯವಿಟ್ಟು ಈಗಲೇ ಹೇಳಿ."

ಯಾರೂ ಮಾತಾಡಲಿಲ್ಲ.